ಒಂದು ಮತದ ಬೆಲೆ

2004ರ ವಿಧಾನಸಭಾ ಚುನಾವಣೆಯಲ್ಲಿ ನಮ್ಮ ಜಿಲ್ಲೆಯ ಸಂತೇಮರಹಳ್ಳಿಯಲ್ಲಿ ಕಾಂಗ್ರೆಸ್ಸಿನ ಆರ್. ಧ್ರುವನಾರಾಯಣ 40,752 ಮತ ಪಡೆದು ಗೆದ್ದರು, ಜನತಾದಳದ ಎ.ಆರ್. ಕೃಷ್ಣಮೂರ್ತಿ 40,751 ಪಡೆದು ಸೋತರು. ಒಂದು ಮತದ ಬೆಲೆ ಏನೆಂದು ನಾಡಿಗೆ ತೋರಿಸಿಕೊಟ್ಟವರು ನಾವು. ಅದೇ ಮತವನ್ನು ಈಗ ಎಷ್ಟಕ್ಕೆ ಮಾರುತ್ತಿದ್ದೇವೆ?

2017ರ ಏಪ್ರಿಲ್‌ನಲ್ಲಿ ಗುಂಡ್ಲುಪೇಟೆ ಉಪಚುನಾವಣೆಗೆ ಎರಡೂ ಪಕ್ಷಗಳ ಘಟಾನುಘಟಿಗಳು ಬಂದಿಳಿದರು. ಕಾಂಗ್ರೆಸ್ ನಾಯಕಿಯೊಬ್ಬರು ಹೆಂಗಸರಿಗೆ ಹಣ ಹಂಚಿದರೆನ್ನಲಾದ ವಿಡಿಯೊ ಬಂತು, ಬಿಜೆಪಿ ಹುಯಿಲೆಬ್ಬಿಸಿತು. ಅಭ್ಯರ್ಥಿಯ ಖರ್ಚಿಗೆ ಆಗ 28 ಲಕ್ಷ ರೂಪಾಯಿ ಮಿತಿಯಿತ್ತು. ಪಕ್ಷದ ಖರ್ಚಿಗೆ ಆಗಲೂ ಮಿತಿಯಿಲ್ಲ, ಈಗಲೂ ಇಲ್ಲ. ಗೋಡೆಯೇ ಇಲ್ಲದ ಮನೆಯ ಬಾಗಿಲಿಗೆ ಬೀಗ!

2022ರ ಅಕ್ಟೋಬರಿನಲ್ಲಿ ಹಂಗಳದ ಹಕ್ಕುಪತ್ರ ವಿತರಣೆಯಲ್ಲಿ ಬಿಜೆಪಿ ಸಚಿವ ವಿ. ಸೋಮಣ್ಣ ಅಹವಾಲು ಹೇಳಬಂದ ಮಹಿಳೆಯ ಕೆನ್ನೆಗೆ ಹೊಡೆದ ದೃಶ್ಯವನ್ನು ನಾಡೇ ನೋಡಿತು. ಸಚಿವರು ಕ್ಷಮೆ ಕೇಳಿದರು. ಅದನ್ನು ಕೈತಪ್ಪು ಎಂದು ಮರೆಯಬಹುದೇ? ಮತದ ಲೆಕ್ಕ ಚುಕ್ತಾ ಆಯಿತೆಂದು ತಿಳಿದ ರಾಜಕಾರಣಕ್ಕೆ, ಅದು ಯಾವ ಪಕ್ಷದ್ದಾದರೂ, ಹಕ್ಕು ಕೇಳುವುದೇ ಅಧಿಕಪ್ರಸಂಗ.

ಹರವೆಯ ಕೂಲಿಯಾಳು ನೋಟಿಗೆ ಕೈಯೊಡ್ಡಿದರೆ ನಾವು ಮೊದಲು ಅವನನ್ನು ದೂರುವುದಿಲ್ಲ. ಕೇರಿಯ ಮತ, ಮೊಹಲ್ಲಾದ ಮತ ಎಂದು ಸಗಟು ವ್ಯಾಪಾರ ಕುದುರಿಸುವ ನಮ್ಮದೇ ಯಜಮಾನರನ್ನು ದೂರುತ್ತೇವೆ. ಐದು ವರ್ಷದ ನೀರು, ರಸ್ತೆ, ಶಾಲೆಯ ಮಾತನ್ನು ಇವರು ಒಂದೇ ರಾತ್ರಿಯಲ್ಲಿ ಮುಗಿಸಿಬಿಡುತ್ತಾರೆ. ನೋಟು ಅವರ ಜೇಬಿಗೆ, ಹಂಗು ನಮ್ಮ ತಲೆಗೆ. ಹಂಗಿನವರ ಬಾಯಲ್ಲಿ ಪ್ರಶ್ನೆ ಹುಟ್ಟುವುದಿಲ್ಲ.

ಆದರೆ ಮತಗಟ್ಟೆಯ ಮರೆಯೊಳಕ್ಕೆ ಯಾವ ಯಜಮಾನನೂ ಬರಲಾರ. ಸಂತೇಮರಹಳ್ಳಿಯ ಫಲಿತಾಂಶ ತಿರುಗಿಸಿದ ಆ ಒಂದು ಮತ ಯಾರದೆಂದು ಇಂದಿಗೂ ಯಾರೂ ಹೇಳಲಾರರು. ಅಷ್ಟು ಗುಟ್ಟಿನ, ಅಷ್ಟು ಗಟ್ಟಿಯ ಹಕ್ಕನ್ನು ಮಾರುವ ಅಧಿಕಾರವನ್ನು ನಾವು ಯಾರಿಗೂ ಕೊಟ್ಟಿಲ್ಲ.