ಸರ್ಕಾರದ ಕೈ ಎಷ್ಟು ಉದ್ದವಿರಬೇಕು?

ಈ ವರ್ಷ ನಮ್ಮ ಶಾಲೆಯ ಚರ್ಚಾಸ್ಪರ್ಧೆಗೆ "ಎಲ್ಲವನ್ನೂ ಸರ್ಕಾರವೇ ಮಾಡಬೇಕು" ಎಂಬ ವಿಷಯವನ್ನು ಇಟ್ಟಿದ್ದೆವು. ಪರವಾಗಿ ಮಾತನಾಡಲು ಹದಿಮೂರು ಮಂದಿ ಹೆಸರು ಕೊಟ್ಟರು. ವಿರೋಧಕ್ಕೆ ಇಬ್ಬರೇ. ಆ ಇಬ್ಬರಲ್ಲಿಯೂ ಒಬ್ಬ ಕಡೆಯ ಗಳಿಗೆಯಲ್ಲಿ ಜ್ವರವೆಂದು ತಪ್ಪಿಸಿಕೊಂಡ. ಮಕ್ಕಳನ್ನು ದೂರುವಂತಿಲ್ಲ. ಪುಸ್ತಕ, ಸಮವಸ್ತ್ರ, ಬಸ್ ಪಾಸು, ಮಧ್ಯಾಹ್ನದ ಊಟ ಎಲ್ಲವೂ ಸರ್ಕಾರದಿಂದ ಬರುವುದನ್ನೇ ಕಂಡು ಬೆಳೆದವರು ಅವರು. ಒಂಟಿಯಾಗಿ ನಿಂತ ಒಂಬತ್ತನೆಯ ತರಗತಿಯ ಹುಡುಗಿ ಎರಡು ನಿಮಿಷ ಮಾತನಾಡಿ, ಸಭೆಯ ಗದ್ದಲಕ್ಕೆ ಅಂಜಿ ಕುಳಿತುಬಿಟ್ಟಳು. ಆಕೆ ಹೇಳಬೇಕಾಗಿದ್ದು ಹೇಳದೆ ಉಳಿದ ಮಾತುಗಳನ್ನು ಅಂದು ತೀರ್ಪುಗಾರನ ಕುರ್ಚಿಯಲ್ಲಿದ್ದ ನಾನು ಆಡುವಂತಿರಲಿಲ್ಲ. ಇಲ್ಲಿ ಬರೆಯುತ್ತೇನೆ.

ವಿದ್ಯಾರ್ಥಿ ಮಿತ್ರರೇ, ನಮ್ಮ ಹೊಸೂರಿಗೆ ಕೆಲವೇ ಮೈಲಿ ದೂರದ ತೊರಪಳ್ಳಿಯನ್ನು ನಿಮ್ಮಲ್ಲಿ ಎಷ್ಟು ಮಂದಿ ನೋಡಿದ್ದೀರಿ? ಚಕ್ರವರ್ತಿ ರಾಜಗೋಪಾಲಾಚಾರಿಯವರು 1878ರ ಡಿಸೆಂಬರ್ 10ರಂದು ಹುಟ್ಟಿದ್ದು ಅಲ್ಲಿ. ಹೊಸೂರಿನಲ್ಲಿ ಓದಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೆ ಹೋದವರು. ಸ್ವತಂತ್ರ ಭಾರತದ ಗವರ್ನರ್ ಜನರಲ್ ಪದವಿಯವರೆಗೆ ಏರಿದ ಈ ನಮ್ಮ ನೆರೆಯೂರಿನವರು, ಎಂಬತ್ತರ ವಯಸ್ಸಿನಲ್ಲಿ, ಇತರರಾದರೆ ಮೊಮ್ಮಕ್ಕಳನ್ನು ಆಡಿಸುತ್ತಾ ಕೂರುವ ಕಾಲದಲ್ಲಿ, ಸರ್ಕಾರ ಅತಿಯಾಗಿ ಬೆಳೆಯುತ್ತಿದೆ ಎಂದು ಕೂಗಿ ಹೇಳಲು ಒಂದು ಪಕ್ಷವನ್ನೇ ಕಟ್ಟಿದರು. 1959ರಲ್ಲಿ ಹುಟ್ಟಿದ ಆ ಸ್ವತಂತ್ರ ಪಕ್ಷ 1967ರ ಚುನಾವಣೆಯಲ್ಲಿ ಲೋಕಸಭೆಯ 44 ಸ್ಥಾನಗಳನ್ನು ಗೆದ್ದಿತು. 1974ರಲ್ಲಿ ಬೇರೆ ಪಕ್ಷದಲ್ಲಿ ಲೀನವಾಯಿತು.

ಅವರ ಕೋಪ ಯಾವುದರ ಮೇಲೆ? 1951ರಲ್ಲಿ ಕೈಗಾರಿಕೆಗಳ ನಿಯಂತ್ರಣಕ್ಕಾಗಿ ಒಂದು ಕಾಯಿದೆ ಬಂತು. ಅದರಂತೆ ಗೊತ್ತುಪಡಿಸಿದ ಕೈಗಾರಿಕೆಗಳಲ್ಲಿ ಹೊಸ ಕಾರ್ಖಾನೆ ತೆರೆಯಲು, ಇದ್ದದ್ದನ್ನು ವಿಸ್ತರಿಸಲು, ಹೊಸ ವಸ್ತುವನ್ನು ತಯಾರಿಸಲು ದೆಹಲಿಯ ಅಪ್ಪಣೆ ಬೇಕಿತ್ತು. ಮಂಜೂರಾದ ಪ್ರಮಾಣಕ್ಕಿಂತ ಹೆಚ್ಚು ಉತ್ಪಾದಿಸಿದರೆ ಅದೂ ತಪ್ಪು! ಒಂದು ಕಡೆ ಸ್ಕೂಟರಿಗಾಗಿ ಹಣ ಕಟ್ಟಿ ವರ್ಷಗಟ್ಟಲೆ ಕಾಯುವ ಜನ, ಇನ್ನೊಂದು ಕಡೆ ಹೆಚ್ಚು ಸ್ಕೂಟರ್ ಮಾಡಲು ಅನುಮತಿಯಿಲ್ಲದ ಕಾರ್ಖಾನೆ. ಮನೆಗೆ ಟೆಲಿಫೋನ್ ಬೇಕೆಂದು ಅರ್ಜಿ ಹಾಕಿದವರ ಪಾಡೂ ಅದೇ ಆಗಿತ್ತೆಂಬುದನ್ನು ನಿಮ್ಮ ತಾತಂದಿರನ್ನು ಕೇಳಿ ತಿಳಿಯಿರಿ. ಇದಕ್ಕೆ ರಾಜಾಜಿ ಇಟ್ಟ ಹೆಸರು "ಲೈಸೆನ್ಸ್-ಪರ್ಮಿಟ್ ರಾಜ್". ಬ್ರಿಟಿಷ್ ರಾಜ್ ಹೋಗಿ ಈ ರಾಜ್ ಬಂದಿತೆಂಬುದು ಅದರೊಳಗಿನ ಚುಚ್ಚು.

ಅವರ ಆಕ್ಷೇಪಣೆ ಬರಿಯ ಲಾಭನಷ್ಟದ ಲೆಕ್ಕವಾಗಿರಲಿಲ್ಲ ಎಂಬುದನ್ನು ಗಮನಿಸಬೇಕು. ಅಪ್ಪಣೆ ಕೊಡುವವನು ಇದ್ದಲ್ಲಿ ಅಪ್ಪಣೆ ಬೇಡುವವನೂ ಇರುತ್ತಾನೆ. ಸಿರಿವಂತ ದೆಹಲಿಗೆ ಹತ್ತು ಸಲ ಹೋಗಿಬರಬಲ್ಲ, ಅಲ್ಲಿ ಆಳನ್ನೂ ಇಡಬಲ್ಲ. ಸಣ್ಣ ಬಂಡವಾಳದವನು ಏನು ಮಾಡಬೇಕು? ಬಡವರ ಹೆಸರಿನಲ್ಲಿ ಕಟ್ಟಿದ ಬೇಲಿ ದೊಡ್ಡವರ ಹೊಲವನ್ನೇ ಕಾಯತೊಡಗಿತು. ಅಷ್ಟೇ ಅಲ್ಲ, ಪರ್ಮಿಟ್ ಪಡೆದವನು ಚುನಾವಣೆ ಬಂದಾಗ ಆಳುವ ಪಕ್ಷಕ್ಕೆ ಋಣ ತೀರಿಸಲೇಬೇಕಾಗುತ್ತದೆ. ರಾಜಾಜಿ 1972ರ ಡಿಸೆಂಬರಿನಲ್ಲಿ ತೀರಿಕೊಂಡರು. 1991ರ ಜುಲೈ 24ರಂದು, ಅವರು ಯಾವ ಪಕ್ಷವನ್ನು ಎದುರಿಸಿದ್ದರೋ ಅದೇ ಪಕ್ಷದ ಸರ್ಕಾರ, ನರಸಿಂಹರಾಯರ ಕಾಲದಲ್ಲಿ, 18 ಕೈಗಾರಿಕೆಗಳನ್ನು ಬಿಟ್ಟು ಉಳಿದೆಲ್ಲಕ್ಕೂ ಲೈಸೆನ್ಸನ್ನು ತೆಗೆದುಹಾಕಿತು.

ಅವರು ಬರಿಯ ಮಾತಿನವರೂ ಅಲ್ಲ. 1952ರಲ್ಲಿ ಮದರಾಸು ರಾಜ್ಯದ ಮುಖ್ಯಮಂತ್ರಿಯಾದ ಕೆಲವೇ ವಾರಗಳಲ್ಲಿ ಆಹಾರಧಾನ್ಯದ ಮೇಲಿದ್ದ ನಿಯಂತ್ರಣವನ್ನು ಎತ್ತಿಬಿಟ್ಟರು. ಆಗ ನಮ್ಮ ಹೊಸೂರು ಸೇಲಂ ಜಿಲ್ಲೆಯಲ್ಲಿತ್ತು. ಆದ್ದರಿಂದ ಈ ಆಜ್ಞೆ ನಮ್ಮ ಹಿರಿಯರ ಮನೆಬಾಗಿಲಿಗೂ ಬಂದದ್ದೇ. ಯುದ್ಧಕಾಲದಿಂದ ರೇಷನ್ನಿಗೆ ಒಗ್ಗಿದ್ದ ಜನ ಬೆಲೆ ಆಕಾಶಕ್ಕೇರುವುದೆಂದು ಹೆದರಿದರು. ಹಾಗಾಗಲಿಲ್ಲ. ಬಚ್ಚಿಟ್ಟ ಧಾನ್ಯ ಅಂಗಡಿಗೆ ಬಂತು.

ಇಷ್ಟು ಬರೆದ ಮೇಲೆ ಇನ್ನೊಂದು ಮಗ್ಗುಲನ್ನು ಮುಚ್ಚಿಡುವುದು ನ್ಯಾಯವಲ್ಲ. ಸರ್ಕಾರದ ಕೈ ಗಿಡ್ಡವಾಗಿರಬೇಕೆಂದ ಇದೇ ರಾಜಾಜಿ, ಅಧಿಕಾರ ತಮ್ಮ ಕೈಯಲ್ಲಿದ್ದಾಗ ಅದನ್ನು ಉದ್ದ ಚಾಚಿದ್ದೂ ಉಂಟು. 1938ರಲ್ಲಿ ಮದರಾಸು ಪ್ರಾಂತದ ಶಾಲೆಗಳಲ್ಲಿ ಹಿಂದಿಯನ್ನು ಕಡ್ಡಾಯ ಮಾಡಹೊರಟು ದೊಡ್ಡ ಚಳವಳಿಯನ್ನು ಎದುರಿಸಿದರು. ಆ ಆಜ್ಞೆ 1940ರಲ್ಲಿ ರದ್ದಾಯಿತು. ಮುಂದೆ ಹಿಂದಿ ಹೇರಿಕೆಯನ್ನು ಅವರೇ ವಿರೋಧಿಸಿದ್ದು ಬೇರೆ ಮಾತು. 1953ರಲ್ಲಿ ಹಳ್ಳಿಯ ಪ್ರಾಥಮಿಕ ಶಾಲೆಗಳಲ್ಲಿ ಮೂರು ಗಂಟೆ ಮಾತ್ರ ಪಾಠ, ಉಳಿದ ಹೊತ್ತು ಮನೆಯ ಕಸುಬನ್ನು ಕಲಿಯುವುದು ಎಂಬ ಯೋಜನೆ ತಂದರು. ಕುಂಬಾರನ ಮಗ ಕುಂಬಾರನೇ, ಅಗಸನ ಮಗ ಅಗಸನೇ ಆಗಲೆಂಬ ಕುಲಕಸುಬಿನ ಶಿಕ್ಷಣ ಇದೆಂದು ಜನ ಸಿಡಿದೆದ್ದರು. 1954ರಲ್ಲಿ ಅವರು ರಾಜೀನಾಮೆ ಕೊಟ್ಟರು, ಹಿಂದೆಯೇ ಯೋಜನೆಯೂ ಹೋಯಿತು. ಇವರಂತಹ ಪ್ರಾಮಾಣಿಕರು, ವಿದ್ವಾಂಸರು ಕುರ್ಚಿಯಲ್ಲಿದ್ದಾಗಲೇ ಹೀಗಾದರೆ, ನಮ್ಮನಿಮ್ಮಂತಹವರು ಕುಳಿತಾಗ ಹೇಗೆ? ಒಳ್ಳೆಯವರನ್ನು ಆರಿಸಿ ಕಳಿಸಿದರೆ ಸಾಕು, ಕಟ್ಟುಪಾಡು ಬೇಡ ಎನ್ನುವವರಿಗೆ ರಾಜಾಜಿಯವರ ಜೀವನವೇ ಉತ್ತರ.

ಅವರ ನಂತರ ಬಂದ ಕಾಮರಾಜರು 1956ರಲ್ಲಿ ಶಾಲೆಯ ಮಕ್ಕಳಿಗೆ ಮಧ್ಯಾಹ್ನದ ಊಟ ಹಾಕಿಸಿದರು, ಊರೂರಿಗೆ ಶಾಲೆ ತೆರೆಸಿದರು. ಇದೂ ಸರ್ಕಾರವೇ. ಹೊಸೂರಿನಲ್ಲಿ ಕೈಗಾರಿಕಾ ಪ್ರದೇಶವನ್ನು ಮಾಡಿದ್ದು ಸಹ ಸರ್ಕಾರವೇ. ನಿಮ್ಮಲ್ಲಿ ಅನೇಕರ ಮನೆಯ ಒಲೆ ಅದರಿಂದ ಉರಿಯುತ್ತಿದೆ. ಊಟ ಹಾಕುವ ಸರ್ಕಾರ ನನಗೂ ಬೇಕು. ಊಟ ಹಾಕಿದ ಋಣಕ್ಕೆ ಮಗುವಿನ ಕಸುಬು ಯಾವುದು, ಭಾಷೆ ಯಾವುದು ಎಂದು ನಿರ್ಧರಿಸಲು ಬರುವ ಸರ್ಕಾರ ಬೇಡ.

ನನ್ನದೇ ಒಂದು ಚಿಕ್ಕ ಅನುಭವ ಹೇಳುತ್ತೇನೆ. ತಮಿಳು ಲಿಪಿಯಲ್ಲಿ ಕ ಮತ್ತು ಗ ಎರಡಕ್ಕೂ ಒಂದೇ ಅಕ್ಷರ, ತ ಮತ್ತು ದ ಎರಡಕ್ಕೂ ಒಂದೇ ಅಕ್ಷರ. ಅದು ಆ ಭಾಷೆಯ ಸೊಗಸು, ಅದರಲ್ಲಿ ದೋಷವಿಲ್ಲ. ಆದರೆ ನಮ್ಮ ಗೋವಿಂದಪ್ಪನವರು ತಮಿಳಿನ ದಾರಿಯಾಗಿ ಇಂಗ್ಲಿಷಿಗೆ ಹೋಗಿ ಬರುವಷ್ಟರಲ್ಲಿ ಕೋವಿಂತಪ್ಪ ಆಗಿರುತ್ತಾರೆ. ನಮ್ಮ ತಂದೆಯವರಿಗೂ ಹೀಗೆಯೇ ಆಗಿ, ಜಮೀನಿನ ಪತ್ರದಲ್ಲಿ ಒಂದು ಹೆಸರು, ರೇಷನ್ ಕಾರ್ಡಿನಲ್ಲಿ ಇನ್ನೊಂದು, ನನ್ನ ಮಗಳ ಸರ್ಟಿಫಿಕೇಟಿಗೆ ಮೂರನೆಯದು. ಮೂವರೂ ಒಬ್ಬರೇ ಎಂದು ರುಜುವಾತು ಮಾಡಲು ಒಂದು ಕಚೇರಿಗೆ ನಾಲ್ಕು ಸಲ ರಜೆ ಹಾಕಿ ಹೋದೆ. ಅಲ್ಲಿನ ಗುಮಾಸ್ತರು ಒಳ್ಳೆಯವರೇ. "ಸಾರ್, ನನಗೆ ಗೊತ್ತು, ನಿಮಗೆ ಗೊತ್ತು, ಕಂಪ್ಯೂಟರಿಗೆ ಗೊತ್ತಿಲ್ಲವಲ್ಲ" ಎಂದರು. ಐದನೆಯ ಸಲ ಕೆಲಸವಾಯಿತು. ಮೇಷ್ಟ್ರಾದ ನನಗೇ ಐದು ಸಲವಾದರೆ, ದಿನಗೂಲಿಯ ತಾಯಿಗೆ ಒಂದೊಂದು ಸಲವೂ ಒಂದು ದಿನದ ಅನ್ನ. ಹೊಸ ಯೋಜನೆಯೊಂದು ಬಂದಾಗಲೆಲ್ಲ ಹೊಸ ಕಾಗದವೊಂದು ಅದರ ಬೆನ್ನಿಗಿರುತ್ತದೆ.

ಈಗ ನಮಗೆ ಹೆಚ್ಚು ನಾಟುವ ವಿಚಾರ. ನಮ್ಮ ಸಂವಿಧಾನದ 30ನೆಯ ವಿಧಿ ಭಾಷಾ ಅಲ್ಪಸಂಖ್ಯಾತರಿಗೆ ತಮ್ಮ ಶಾಲೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕನ್ನು ಕೊಟ್ಟಿದೆ. ಸರಿಯಾಗಿ ಓದಿದರೆ ಅದು ಸರ್ಕಾರ ನಮಗೆ ಕೊಟ್ಟ ದಾನವಲ್ಲ, ಸರ್ಕಾರಕ್ಕೆ ಎಳೆದ ಗೆರೆ. ಈ ಗೆರೆಯಿಂದಾಗಿ ನಮ್ಮಂತಹ ಶಾಲೆಗಳು ಗಡಿಯಾಚೆ ಉಸಿರಾಡುತ್ತಿವೆ. 2006ರಲ್ಲಿ ತಮಿಳುನಾಡು ಎಲ್ಲ ಶಾಲೆಗಳಲ್ಲೂ ತಮಿಳು ಕಲಿಕೆಯನ್ನು ಒಂದನೆಯ ತರಗತಿಯಿಂದ ಹಂತಹಂತವಾಗಿ ಕಡ್ಡಾಯ ಮಾಡಿತು. ಅದರ ಮೊದಲ ತಂಡ ಹತ್ತನೆಯ ತರಗತಿಗೆ ಬಂದಾಗ, ತಮಿಳು ಪತ್ರಿಕೆಯ ಬದಲು ಮಾತೃಭಾಷೆಯಲ್ಲಿ ಬರೆಯಲು ಭಾಷಾ ಅಲ್ಪಸಂಖ್ಯಾತರು ಮದರಾಸು ಹೈಕೋರ್ಟಿಗೆ ಹೋಗಿ ವಿನಾಯಿತಿ ಪಡೆಯಬೇಕಾಯಿತು. ಆಮೇಲೆ ಸುಪ್ರೀಂ ಕೋರ್ಟಿನವರೆಗೂ ಹೋಯಿತು. 2023ರಲ್ಲಿ ಇನ್ನೊಂದು ವರ್ಷಕ್ಕೆ ವಿನಾಯಿತಿ ಸಿಕ್ಕಿತು. ತಮಿಳು ಕಲಿಯಬಾರದೆಂದು ನಾನೆಂದೂ ಹೇಳಲಾರೆ. ಈ ನಾಡಿನಲ್ಲಿ ಬದುಕುವವನು ಕಲಿಯಬೇಕು, ನಮ್ಮ ಮಕ್ಕಳು ಸಂತೆಯಲ್ಲಿ ಸುಲಭವಾಗಿ ಕಲಿಯುತ್ತಲೂ ಇದ್ದಾರೆ. ಕಲಿಯುವುದು ಬೇರೆ, ಕನ್ನಡವನ್ನು ಮೂಲೆಗೆ ಸರಿಸಿ ಕಲಿಸುವುದು ಬೇರೆ.

ಇದನ್ನು ಓದಿ ತಲೆದೂಗುವ ನಮ್ಮವರಿಗೆ ಒಂದು ಕಹಿ ಮಾತನ್ನೂ ಹೇಳಬೇಕಾಗಿದೆ. ಕರ್ನಾಟಕ ಸರ್ಕಾರ 1994ರಲ್ಲಿ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆ ಅಥವಾ ಕನ್ನಡ ಮಾಧ್ಯಮವನ್ನೇ ಕಡ್ಡಾಯ ಮಾಡಿತ್ತು. ಮಾಧ್ಯಮವನ್ನು ಆರಿಸುವ ಹಕ್ಕು ತಂದೆತಾಯಿಯರದು, ಸರ್ಕಾರ ಅದನ್ನು ಹೇರಲಾಗದು ಎಂದು ಸುಪ್ರೀಂ ಕೋರ್ಟು 2014ರ ಮೇ 6ರಂದು ತೀರ್ಪು ಕೊಟ್ಟಿತು. ಆ ದಿನ ನಮ್ಮ ಸಿಬ್ಬಂದಿ ಕೊಠಡಿಯಲ್ಲಿ ಎಲ್ಲರೂ ಬೇಸರಪಟ್ಟರು, ನಾನೂ ಪಟ್ಟೆ. ಮಗು ಮೊದಲು ಮನೆಮಾತಿನಲ್ಲಿ ಕಲಿಯಬೇಕೆಂಬ ನಂಬಿಕೆ ನನಗೆ ಇಂದಿಗೂ ಇದೆ. ಆದರೆ ರಾತ್ರಿ ಮಲಗಿದಾಗ ಯೋಚನೆ ಬಂತು. ಹೊಸೂರಿನಲ್ಲಿ ನಮ್ಮನ್ನು ಕಾಯುವ ಬೇಲಿ ಬೆಂಗಳೂರಿನಲ್ಲಿ ಇರಬಾರದೆಂದು ನಾನು ಯಾವ ಬಾಯಿಯಿಂದ ಹೇಳಲಿ? ಚೆನ್ನೈ ನಮಗೆ ಹೇರಬಾರದು, ಬೆಂಗಳೂರು ಮಾತ್ರ ಅಲ್ಲಿಯ ತಮಿಳರಿಗೆ, ತೆಲುಗರಿಗೆ, ಕನ್ನಡಿಗರಿಗೇ ಹೇರಬಹುದು ಎಂಬುದು ಎಲ್ಲಿಯ ನ್ಯಾಯ? ಈ ವಿಷಯದಲ್ಲಿ ನನ್ನ ಸಹೋದ್ಯೋಗಿಗಳಲ್ಲಿ ಹೆಚ್ಚಿನವರು ನನ್ನನ್ನು ಒಪ್ಪುವುದಿಲ್ಲ. ನಮ್ಮ ಮುಖ್ಯೋಪಾಧ್ಯಾಯರೂ ಒಪ್ಪುವುದಿಲ್ಲ. ಆದರೂ ಈ ಲೇಖನವನ್ನು ಅಚ್ಚಿಗೆ ಬಿಟ್ಟಿದ್ದಾರೆ.

ಕಳೆದ ತಿಂಗಳು ಒಂಬತ್ತನೆಯ ತರಗತಿಯವರನ್ನು ತೊರಪಳ್ಳಿಗೆ ಕರೆದೊಯ್ದಿದ್ದೆ. ರಾಜಾಜಿ ಹುಟ್ಟಿದ ಮನೆ ಈಗ ಸ್ಮಾರಕ. "ಇದನ್ನು ಯಾರು ನೋಡಿಕೊಳ್ಳುತ್ತಾರೆ ಸಾರ್?" ಎಂದು ಚರ್ಚೆಯಲ್ಲಿ ಸೋತ ಹುಡುಗಿ ಕೇಳಿದಳು. ಸರ್ಕಾರ ಎಂದೆ. ಪರಪಕ್ಷದ ಹದಿಮೂರು ಮಂದಿ ಚಪ್ಪಾಳೆ ತಟ್ಟಿದರು. ಆಕೆ ಸುಮ್ಮನಾಗಲಿಲ್ಲ, "ಮನೆ ನೋಡಿಕೊಳ್ಳಲಿ ಸಾರ್, ಬೇಡ ಅಂದವರು ಯಾರು?" ಎಂದಳು. ಮುಂದಿನ ವರ್ಷವೂ ಅದೇ ವಿಷಯವನ್ನು ಇಡುವುದಾಗಿ ಅವಳಿಗೆ ಮಾತು ಕೊಟ್ಟಿದ್ದೇನೆ.