ಹಸು ಮಾರುವ ಮುನ್ನ ಅಧಿಸೂಚನೆ ಓದಿ



ಕಳೆದ ಬೇಸಿಗೆಯಲ್ಲಿ ನಮ್ಮ ಶಿಬಿರ ವ್ಯಾಪ್ತಿಯ ಒಂದು ಸಂಘದ ಸದಸ್ಯರು ಗಬ್ಬ ಪರೀಕ್ಷೆಗೆ ಕರೆದಿದ್ದರು. ಕೊಟ್ಟಿಗೆಯಲ್ಲಿ ಎರಡು ಎಚ್‌ಎಫ್ ಮಿಶ್ರತಳಿ ಹಸುಗಳು. ಒಂದು ಐದು ತಿಂಗಳ ಗಬ್ಬ. ಇನ್ನೊಂದು ಕರು ಹಾಕಿ ಎರಡು ತಿಂಗಳಾಗಿತ್ತು, ದಿನಕ್ಕೆ ಹನ್ನೆರಡು ಲೀಟರ್ ಹಾಲು. ಕೈ ತೊಳೆಯುತ್ತಾ "ಎರಡೂ ಚೆನ್ನಾಗಿವೆ ಯಜಮಾನ್ರೇ" ಎಂದೆ. "ಹಂಗಾದ್ರೆ ಶುಕ್ರವಾರ ಸಂತೆಗೆ ಹೊಡೀಬೋದು ಅಲ್ವಾ ಸಾರ್?" ಎಂದರು.

ಹಾಲು ಕೊಡುವ ಹಸುವನ್ನು ಯಾರಾದರೂ ಸುಮ್ಮನೆ ಮಾರುತ್ತಾರೆಯೇ? ವಿಚಾರಿಸಿದೆ. ಮಗ ವಾಣಿಜ್ಯ ವಿಷಯದಲ್ಲಿ ಪಿಯುಸಿ ಮುಗಿಸಿದ್ದಾನೆ. ಅಗ್ನಿಶಾಮಕ ದಳ ಸೇರಬೇಕೆಂಬುದು ಅವನ ಚಿಕ್ಕಂದಿನ ಆಸೆ. ನಗರದ ಒಂದು ಖಾಸಗಿ ಸಂಸ್ಥೆಯವರು 'ಫೈರ್ ಅಂಡ್ ಸೇಫ್ಟಿ' ಡಿಪ್ಲೊಮಾಕ್ಕೆ ಸೀಟು ಕೊಟ್ಟಿದ್ದಾರೆ, ಒಂದು ವರ್ಷದ ಕೋರ್ಸು, ಮುಗಿದ ಮೇಲೆ ಸರ್ಕಾರಿ ಕೆಲಸ ಗ್ಯಾರಂಟಿ ಎಂದಿದ್ದಾರೆ. ಶುಲ್ಕ, ಹಾಸ್ಟೆಲ್ ಎಲ್ಲ ಸೇರಿ ಒಂದೂವರೆ ಲಕ್ಷ ರೂಪಾಯಿ. ಗಬ್ಬದ ಹಸುವಿಗೆ ಒಬ್ಬರು ಆಗಲೇ ಮುಂಗಡ ಕೊಡಲು ಬಂದು ಹೋಗಿದ್ದರಂತೆ.

ಪಶುವೈದ್ಯನಿಗೆ ಈ ಉಸಾಬರಿ ಏಕೆ ಎಂದು ನೀವು ಕೇಳಬಹುದು. ಕಾರಣವಿದೆ. ಹುಲ್ಲಿನ ಬಣವೆಗೆ ಬೆಂಕಿ ಬಿದ್ದು ಪಕ್ಕದ ಕೊಟ್ಟಿಗೆಗೆ ಹಬ್ಬಿದಾಗ, ಕಟ್ಟೆಯಿಲ್ಲದ ಬಾವಿಗೆ ಹಸು ಬಿದ್ದಾಗ, ಅವರ ವಾಹನವೂ ನನ್ನ ಬೈಕೂ ಒಂದೇ ಮನೆ ಮುಂದೆ ನಿಲ್ಲುತ್ತವೆ. ಹೀಗೆ ಠಾಣೆಯವರ ಪರಿಚಯವಾಗಿ, ಆ ಕೆಲಸಕ್ಕೆ ಹೇಗೆ ಸೇರುತ್ತಾರೆ ಎಂಬುದು ಅಲ್ಪಸ್ವಲ್ಪ ತಿಳಿದಿದೆ. ಆ ಹುಡುಗನ ಪ್ರಸಂಗದ ನಂತರ ಅಧಿಸೂಚನೆಗಳನ್ನೂ ತೆಗೆದು ಓದಿದೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ನಮ್ಮ ರಾಜ್ಯದಲ್ಲಿ ಅಗ್ನಿಶಾಮಕ ಆಗಲು ಯಾವ ಖಾಸಗಿ ಡಿಪ್ಲೊಮಾವೂ ಬೇಕಿಲ್ಲ. ಅದಕ್ಕಾಗಿ ಹಸು ಮಾರಬೇಡಿ.

ಕರ್ನಾಟಕ ರಾಜ್ಯ ಅಗ್ನಿಶಾಮಕ ಮತ್ತು ತುರ್ತು ಸೇವೆಗಳ ಇಲಾಖೆಯು 2020ರಲ್ಲಿ ಸಾವಿರಕ್ಕೂ ಹೆಚ್ಚು ಹುದ್ದೆಗಳಿಗೆ ಅರ್ಜಿ ಕರೆದಿತ್ತು. ಅದರಲ್ಲಿ ಅಗ್ನಿಶಾಮಕ ಹುದ್ದೆಗೆ ಕೇಳಿದ್ದು ಎಸ್‌ಎಸ್‌ಎಲ್‌ಸಿ. ಚಾಲಕ ಹುದ್ದೆಗಳಿಗೆ ಎಸ್‌ಎಸ್‌ಎಲ್‌ಸಿ ಜೊತೆಗೆ ಭಾರೀ ವಾಹನದ ಲೈಸೆನ್ಸು. ಠಾಣಾಧಿಕಾರಿ ಹುದ್ದೆಗೆ ವಿಜ್ಞಾನದ ಪದವಿ. ಲಿಖಿತ ಪರೀಕ್ಷೆ, ದೇಹದಾರ್ಢ್ಯ ಮತ್ತು ಸಹಿಷ್ಣುತೆ ಪರೀಕ್ಷೆ, ವೈದ್ಯಕೀಯ ತಪಾಸಣೆ ಇವುಗಳಲ್ಲಿ ಪಾಸಾದವರನ್ನು ಇಲಾಖೆಯೇ ಕರೆದು ತರಬೇತಿ ಕೊಡುತ್ತದೆ. ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯಲ್ಲಿ ಆರ್.ಎ. ಮುಂಡ್ಕೂರ್ ಹೆಸರಿನ ಅಕಾಡೆಮಿ ಇರುವುದೇ ಅದಕ್ಕೆ. ಏಣಿ ಹತ್ತುವುದು, ಹೋಸ್ ಹಿಡಿಯುವುದು, ಹೊಗೆಯೊಳಗೆ ಉಸಿರಾಟದ ಸಾಧನ ಹಾಕಿಕೊಂಡು ಹೋಗುವುದು, ಎಲ್ಲವನ್ನೂ ಕೆಲಸ ಸಿಕ್ಕ ಮೇಲೆ ಕಲಿಸುತ್ತಾರೆ. ಕೆಲಸಕ್ಕೆ ಮುಂಚೆ ನಾವೇ ದುಡ್ಡು ಕೊಟ್ಟು ಕಲಿತು ಹೋಗಬೇಕೆಂಬುದು ಕೋರ್ಸು ಮಾರುವವರು ಹುಟ್ಟಿಸಿದ ಮಾತು.

ಹಾಗಾದರೆ ಮನೆಯವರು ಮಾಡಬೇಕಾದ ಸಿದ್ಧತೆ ಏನೂ ಇಲ್ಲವೇ? ಬೇಕಾದಷ್ಟಿದೆ, ಆದರೆ ಅದಕ್ಕೆ ಬೇಕಿರುವುದು ಹಣಕ್ಕಿಂತ ಹೆಚ್ಚಾಗಿ ಸಮಯ.

ಮೊದಲನೆಯದು ಎಸ್‌ಎಸ್‌ಎಲ್‌ಸಿ ಮುಗಿದ ಮೇಲಿನ ಆಯ್ಕೆ. ಕೇಂದ್ರ ಕೈಗಾರಿಕಾ ಭದ್ರತಾ ಪಡೆ, ಅಂದರೆ ಸಿಐಎಸ್‌ಎಫ್, ಕಾನ್‌ಸ್ಟೇಬಲ್ ಫೈರ್ ಎಂಬ ಹುದ್ದೆಗೆ ಗಂಡುಮಕ್ಕಳನ್ನು ತೆಗೆದುಕೊಳ್ಳುತ್ತದೆ. 2024ರಲ್ಲಿ 1,130 ಹುದ್ದೆಗಳಿದ್ದವು. ಅದಕ್ಕೆ ಪಿಯುಸಿ ಬೇಕು, ಅದೂ ವಿಜ್ಞಾನ ವಿಷಯದಲ್ಲಿ. ವಯಸ್ಸು 18ರಿಂದ 23, ಮೀಸಲಾತಿ ಇದ್ದವರಿಗೆ ಸಡಿಲಿಕೆ. ಎತ್ತರ ಸಾಮಾನ್ಯವಾಗಿ 170 ಸೆಂಟಿಮೀಟರ್. ಐದು ಕಿಲೋಮೀಟರ್ ಓಟವನ್ನು 24 ನಿಮಿಷದಲ್ಲಿ ಮುಗಿಸಬೇಕು. ನಾನು ಹೇಳಿದ ಹುಡುಗ ಎತ್ತರ ಇದ್ದಾನೆ, ಓಡುತ್ತಾನೆ, ಆದರೆ ವಾಣಿಜ್ಯ ಓದಿದ್ದರಿಂದ ಆ ಬಾಗಿಲು ಮುಚ್ಚಿದೆ. ಎರಡು ವರ್ಷದ ಹಿಂದೆ ಕಾಲೇಜಿನಲ್ಲಿ ಅರ್ಜಿ ತುಂಬುವಾಗ ಯಾರೂ ಅವನಿಗೆ ಹೇಳಲಿಲ್ಲ. ಈಗ ಯಾವ ಡಿಪ್ಲೊಮಾ ಮಾಡಿದರೂ ಅದು ತೆರೆಯುವುದಿಲ್ಲ. ನಿಮ್ಮ ಮನೆಯಲ್ಲಿ ಹತ್ತನೇ ತರಗತಿಯ ಮಕ್ಕಳಿದ್ದು ಇಂಥ ಆಸೆ ಇದ್ದರೆ, ಕಷ್ಟವಾದರೂ ವಿಜ್ಞಾನ ಕೊಡಿಸಿ. ಮುಂದೆ ಪದವಿ ಓದಿ ಠಾಣಾಧಿಕಾರಿ ಹುದ್ದೆಗೆ ಹೋಗಲೂ ಅದೇ ದಾರಿ.

ಎರಡನೆಯದು ಲೈಸೆನ್ಸು. ಇದನ್ನು ನಮ್ಮವರು ಬಹಳ ಹಗುರವಾಗಿ ನೋಡುತ್ತಾರೆ. ಟ್ರ್ಯಾಕ್ಟರ್ ಹೊಡೆಯುವುದು ಹದಿನಾಲ್ಕಕ್ಕೇ ಬರುತ್ತದೆ, ಲೈಸೆನ್ಸು ಮಾತ್ರ ಇಪ್ಪತ್ತೈದಾದರೂ ಇರುವುದಿಲ್ಲ! ಮೋಟಾರು ವಾಹನ ಕಾಯ್ದೆಯಂತೆ ಸಾರಿಗೆ ವಾಹನ ಓಡಿಸಲು 20 ವರ್ಷ ಆಗಿರಬೇಕು, ಅದಕ್ಕೆ ಕಲಿಕಾ ಲೈಸೆನ್ಸು ಪಡೆಯಲು ಲಘು ವಾಹನದ ಲೈಸೆನ್ಸು ಕನಿಷ್ಠ ಒಂದು ವರ್ಷ ಹಳೆಯದಾಗಿರಬೇಕು. ಅಂದರೆ ಹದಿನೆಂಟು ತುಂಬಿದ ವಾರವೇ ಕಾರಿನ ಲೈಸೆನ್ಸಿಗೆ ಅರ್ಜಿ ಹಾಕಿದವನು ಇಪ್ಪತ್ತಕ್ಕೆ ಹೆವಿ ಲೈಸೆನ್ಸಿಗೆ ಸಿದ್ಧನಾಗಿರುತ್ತಾನೆ. ಅಧಿಸೂಚನೆ ಬಂದ ದಿನ ಡ್ರೈವಿಂಗ್ ಶಾಲೆಗೆ ಓಡಿದವನು ಆ ಸಲ ಕೈತಪ್ಪಿಸಿಕೊಂಡಂತೆಯೇ. ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರದಲ್ಲಿ ಕಿರಿಯ ಸಹಾಯಕ ಅಗ್ನಿಶಾಮಕ ಸೇವೆ ಎಂಬ ಹುದ್ದೆ ಇದೆ. ಅಲ್ಲಿಯೂ ಪಿಯುಸಿಯಲ್ಲಿ ಶೇ. 50 ಅಂಕ, ಇಲ್ಲವೇ ಮೆಕ್ಯಾನಿಕಲ್, ಆಟೊಮೊಬೈಲ್ ಅಥವಾ ಫೈರ್ ವಿಷಯದ ಮೂರು ವರ್ಷದ ಮಾನ್ಯತೆ ಪಡೆದ ಡಿಪ್ಲೊಮಾ, ಜೊತೆಗೆ ಲೈಸೆನ್ಸು ಕೇಳುತ್ತಾರೆ. ಹೆವಿ ಇಲ್ಲದಿದ್ದರೆ ಲಘು ವಾಹನದ ಲೈಸೆನ್ಸು ಎರಡು ವರ್ಷ ಹಳೆಯದಾಗಿರಬೇಕು. ಇಲ್ಲಿ ವಾಣಿಜ್ಯ, ಕಲೆ ಓದಿದವರಿಗೂ ಅವಕಾಶವಿದೆ. ನಮ್ಮ ಹುಡುಗನಿಗೆ ನಾನು ತೋರಿಸಿದ್ದು ಈ ದಾರಿಯನ್ನೇ, ಮತ್ತು ರಾಜ್ಯ ಇಲಾಖೆಯದನ್ನು.

ಮೂರನೆಯದು ಕಾಗದಪತ್ರ. ಒಂದರಿಂದ ಹತ್ತನೇ ತರಗತಿವರೆಗೆ ಹಳ್ಳಿ ಶಾಲೆಯಲ್ಲಿ, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ರಾಜ್ಯದ ನೇಮಕಾತಿಯಲ್ಲಿ ಗ್ರಾಮೀಣ ಮತ್ತು ಕನ್ನಡ ಮಾಧ್ಯಮ ಮೀಸಲಾತಿ ಇದೆ. ಪ್ರಮಾಣಪತ್ರಕ್ಕೆ ಮುಖ್ಯ ಶಿಕ್ಷಕರ ಸಹಿ, ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುರುಜು ಬೇಕು. ಶಾಲೆಗೆ ಎರಡು ಸಲ, ಕಚೇರಿಗೆ ನಾಲ್ಕು ಸಲ ಅಲೆಯುವುದಂತೂ ಇದ್ದೇ ಇದೆ. ಬಿಡುವಿದ್ದಾಗಲೇ ಮಾಡಿಸಿಟ್ಟುಕೊಳ್ಳಿ.

ದೊಡ್ಡ ಓದಿನ ದಾರಿಯೂ ಇದೆ. ನಾಗಪುರದಲ್ಲಿ ಕೇಂದ್ರ ಗೃಹ ಇಲಾಖೆಯ ರಾಷ್ಟ್ರೀಯ ಅಗ್ನಿಶಾಮಕ ಸೇವಾ ಕಾಲೇಜು 1956ರಿಂದ ಇರುವ ಸಂಸ್ಥೆ. ಪಿಯುಸಿ ವಿಜ್ಞಾನದ ನಂತರ ಫೈರ್ ಎಂಜಿನಿಯರಿಂಗ್ ಪದವಿ, ಹಾಗೂ ಬೇರೆಯಾಗಿ ಸಬ್ ಆಫೀಸರ್ ಕೋರ್ಸು ಅಲ್ಲಿವೆ. ಕೊಚ್ಚಿ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯದಲ್ಲಿ ಸೇಫ್ಟಿ ಅಂಡ್ ಫೈರ್ ಎಂಜಿನಿಯರಿಂಗ್ ಬಿ.ಟೆಕ್ ಇದೆ. ಹೆಣ್ಣುಮಕ್ಕಳ ತಂದೆತಾಯಿಗಳಿಗೆ ಒಂದು ಮಾತು: ನಾಗಪುರದ ಆ ಕಾಲೇಜಿಗೆ 2002ರಲ್ಲಿ ಸೇರಿದ ಹರ್ಷಿನಿ ಕಾನ್ಹೇಕರ್ ಅಲ್ಲಿಂದ ಪದವಿ ಪಡೆದ ಮೊದಲ ಮಹಿಳೆ. ಮುಂದೆ ಓಎನ್‌ಜಿಸಿಯ ಅಗ್ನಿಶಾಮಕ ವಿಭಾಗ ಸೇರಿದರು. ಮಗಳು ಕೇಳಿದರೆ ನಗಬೇಡಿ.

ಇನ್ನು ಆ ಒಂದು ವರ್ಷದ ಡಿಪ್ಲೊಮಾ. ಅದರಿಂದ ಏನೂ ಪ್ರಯೋಜನವಿಲ್ಲ ಎಂದು ನಾನು ಹೇಳುವುದಿಲ್ಲ. ಕಟ್ಟಡ ಕೆಲಸದಲ್ಲಿ, ಕಾರ್ಖಾನೆಗಳಲ್ಲಿ ಗುತ್ತಿಗೆದಾರರ ಕೆಳಗೆ ಬೆಂಕಿ ಕಾವಲಿನ ಕೆಲಸಕ್ಕೆ ಇಂಥವರನ್ನು ತೆಗೆದುಕೊಳ್ಳುತ್ತಾರೆ. ಆದರೆ ಕಾರ್ಖಾನೆಯ ಸುರಕ್ಷತಾಧಿಕಾರಿ ಆಗುವುದು ಬೇರೆ ಮಾತು. ಅದಕ್ಕೆ ಎಂಜಿನಿಯರಿಂಗ್ ಅಥವಾ ವಿಜ್ಞಾನದ ಓದು, ಅನುಭವ, ಅದರ ಮೇಲೆ ಸರ್ಕಾರ ಒಪ್ಪಿದ ಸುರಕ್ಷತಾ ಡಿಪ್ಲೊಮಾ ಕೇಳುತ್ತಾರೆ. ಜಾಹೀರಾತಿನಲ್ಲಿ ಎರಡನ್ನೂ ಕಲಸಿ ಒಂದೇ ಎಂಬಂತೆ ತೋರಿಸುತ್ತಾರೆ. ಕಡಿಮೆ ಖರ್ಚಿನಲ್ಲಿ ಕಲಿಯಲೇಬೇಕೆಂದರೆ ಐಟಿಐನಲ್ಲಿ ಅಗ್ನಿ ತಂತ್ರಜ್ಞಾನ ಮತ್ತು ಕೈಗಾರಿಕಾ ಸುರಕ್ಷತೆಯ ವೃತ್ತಿ ವಿಭಾಗ ಇದೆ, ಅದರ ಪ್ರಮಾಣಪತ್ರಕ್ಕೆ ದೇಶದಲ್ಲೆಲ್ಲ ಮಾನ್ಯತೆ ಇದೆ. ಹತ್ತಿರದ ಯಾವ ಐಟಿಐನಲ್ಲಿದೆ ವಿಚಾರಿಸಿ. ಖಾಸಗಿಯವರ ಬಳಿ ಹೋದರೆ ಹಣ ಕಟ್ಟುವ ಮೊದಲು ಒಂದೇ ಪ್ರಶ್ನೆ ಕೇಳಿ: "ಯಾವ ಇಲಾಖೆಯ, ಯಾವ ಅಧಿಸೂಚನೆಯಲ್ಲಿ ನಿಮ್ಮ ಈ ಕೋರ್ಸಿನ ಹೆಸರಿದೆ, ತೋರಿಸಿ." ನಾನೇ ಫೋನ್ ಮಾಡಿ ಕೇಳಿದಾಗ ಆ ಸಂಸ್ಥೆಯವರು "ಬನ್ನಿ ಸಾರ್, ಕೂತು ಮಾತಾಡೋಣ" ಎಂದರು. ಹೋಗಲಿಲ್ಲ.

ಲೆಕ್ಕ ನೋಡಿ. ದಿನಕ್ಕೆ ಸರಾಸರಿ ಹತ್ತು ಲೀಟರ್ ಎಂದರೂ 305 ದಿನದ ಒಂದು ಸೂಲಿಗೆ 3,050 ಲೀಟರ್ ಹಾಲು. ಬಟವಾಡೆ ಮತ್ತು ಸರ್ಕಾರದ ಪ್ರೋತ್ಸಾಹಧನ ಸೇರಿಸಿ ನೀವೇ ಗುಣಿಸಿಕೊಳ್ಳಿ. ಮೇವು, ಹಿಂಡಿ ಕಳೆದರೂ ಮಗ ಎರಡು ಮೂರು ವರ್ಷ ಪರೀಕ್ಷೆಗೆ ಓದಿಕೊಂಡು ಓಡಾಡುವಾಗ ಮನೆ ನಡೆಸುವುದು ಆ ಹಸುವೇ. ಅದನ್ನು ಮೊದಲೇ ಮಾರಿದರೆ ಅವನು ಅಧಿಸೂಚನೆಗೆ ಕಾಯುವ ಹೊತ್ತಿಗೆ ಕೈ ಬರಿದಾಗಿರುತ್ತದೆ. ಕಾಯುವುದಂತೂ ತಪ್ಪುವುದಿಲ್ಲ. ರಾಜ್ಯದಲ್ಲಿ ಈ ನೇಮಕಾತಿ ಪ್ರತಿ ವರ್ಷ ಬರುವಂಥದ್ದಲ್ಲ, ವಯಸ್ಸು ಮಾತ್ರ ಪ್ರತಿ ವರ್ಷ ಏರುತ್ತದೆ. ಇದು ನನ್ನ ಸಲಹೆಯಲ್ಲಿರುವ ದೊಡ್ಡ ತೊಡಕು, ಮುಚ್ಚಿಡುವುದಿಲ್ಲ. ಆದ್ದರಿಂದ ಪದವಿಯನ್ನೋ ಐಟಿಐಯನ್ನೋ ಜೊತೆಯಲ್ಲೇ ಮುಗಿಸಿಕೊಳ್ಳಲಿ, ಪೊಲೀಸ್ ನೇಮಕಾತಿಗೂ ಅರ್ಜಿ ಹಾಕಲಿ. ಓಟದ ಅಭ್ಯಾಸ ಎಲ್ಲದಕ್ಕೂ ಒಂದೇ.

ನಡುವೆ ಒಂದು ಗೊಂದಲ ಸರಿಪಡಿಸಬೇಕು. ಸಂಘದ ಸಭೆಯೊಂದರಲ್ಲಿ ಹಿರಿಯರೊಬ್ಬರು "ನಾಲ್ಕು ವರ್ಷಕ್ಕೆ ಮನೆಗೆ ಕಳಿಸ್ತಾರಂತಲ್ಲ ಡಾಕ್ಟ್ರೇ, ಅದ್ಯಾಕೆ ಬೇಕು?" ಎಂದರು. ಅದು 2022ರಲ್ಲಿ ಬಂದ ಸೇನೆಯ ಅಗ್ನಿಪಥ ಯೋಜನೆ, ಅಗ್ನಿವೀರರದು. ಅಗ್ನಿಶಾಮಕಕ್ಕೂ ಅದಕ್ಕೂ ಹೆಸರಿನಲ್ಲಿ ಮಾತ್ರ ನೆಂಟಸ್ತಿಕೆ.

ಕೆಲಸದ ಸ್ವರೂಪವನ್ನು ಮಕ್ಕಳು ಸಿನಿಮಾದಲ್ಲಿ ನೋಡಿರುತ್ತಾರೆ. ನಾನು ನೋಡಿದ್ದು ಬೇರೆ. ಬಾವಿಯಲ್ಲಿ ಹಸು ಒದ್ದಾಡುತ್ತಿರುತ್ತದೆ, ಮೇಲೆ ಊರೇ ನೆರೆದು ತಲೆಗೊಂದು ಸಲಹೆ ಕೂಗುತ್ತಿರುತ್ತದೆ. ನೀರಿನಲ್ಲಿರುವ ಹಸುವಿಗೆ ನಾನು ಮತ್ತಿನ ಚುಚ್ಚುಮದ್ದು ಕೊಡುವಂತಿಲ್ಲ, ತಲೆ ಬಾಗಿ ಮುಳುಗಿಬಿಡುತ್ತದೆ. ಹಾಗಾಗಿ ಅದು ಒದೆಯುತ್ತಿರುವಾಗಲೇ ಒಬ್ಬ ಹಗ್ಗ ಕಟ್ಟಿಕೊಂಡು ಇಳಿಯಬೇಕು. ಹಳೆಯ ಕ್ಯಾನ್ವಾಸ್ ಹೋಸನ್ನು ಪಟ್ಟಿಯಂತೆ ಮುಂಗಾಲಿನ ಹಿಂದೆ ಒಂದು, ಕೆಚ್ಚಲಿಗೆ ತಾಗದಂತೆ ಅದರ ಮುಂದೆ ಒಂದು ಸುತ್ತಬೇಕು. ಇಳಿಯುವ ಮುಂಚೆ ಬಾವಿಯಲ್ಲಿ ಕೆಟ್ಟ ಗಾಳಿ ಇದೆಯೇ ನೋಡಬೇಕು. ಇದಕ್ಕೆ ಬೇಕಾದ ಅರ್ಧ ವಿದ್ಯೆ ನಮ್ಮ ಮಕ್ಕಳಿಗೆ ಕೊಟ್ಟಿಗೆಯಲ್ಲೇ ಬಂದಿರುತ್ತದೆ: ಬೆದರಿದ ದನದ ಹತ್ತಿರ ಹೇಗೆ ಹೋಗಬೇಕು, ಜಾರದ ಗಂಟು ಹೇಗೆ ಹಾಕಬೇಕು ಎಂಬುದು. ಉಳಿದರ್ಧಕ್ಕೆ ಧೈರ್ಯ, ಮೇಲಧಿಕಾರಿಯ ಮಾತು ಮೀರದ ಶಿಸ್ತು ಬೇಕು. ಅಪಾಯವೂ ಸುಳ್ಳಲ್ಲ. ಏಪ್ರಿಲ್ 14ನ್ನು ಅಗ್ನಿಶಾಮಕ ಸೇವಾ ದಿನವೆಂದು ಆಚರಿಸುವುದು 1944ರಲ್ಲಿ ಅದೇ ದಿನ ಮುಂಬೈ ಬಂದರಿನ ಹಡಗು ಸ್ಫೋಟದಲ್ಲಿ ಸತ್ತ 66 ಅಗ್ನಿಶಾಮಕರ ನೆನಪಿಗೆ. ನಮ್ಮ ಡೇರಿಯಲ್ಲಿ ಹಾಲು ತಂಪು ಮಾಡಲು ಬಳಸುವ ಅಮೋನಿಯ ಸೋರಿದರೂ ಎಲ್ಲರೂ ಹೊರಗೆ ಓಡುವಾಗ ಒಳಗೆ ಹೋಗಬೇಕಾದವರು ಅವರೇ. ತಾಯಂದಿರು ಇದನ್ನು ತಿಳಿದೇ ಒಪ್ಪಬೇಕು.

ಏಪ್ರಿಲ್ 14ರಿಂದ 20ರವರೆಗೆ ಅಗ್ನಿಶಾಮಕ ಸೇವಾ ಸಪ್ತಾಹ. ಆ ವಾರ ಮಗನನ್ನೋ ಮಗಳನ್ನೋ ಹತ್ತಿರದ ಠಾಣೆಗೆ ಕರೆದುಕೊಂಡು ಹೋಗಿ, ಸಿಬ್ಬಂದಿಯನ್ನೇ ಮಾತನಾಡಿಸಿ. ಜಿಲ್ಲಾಡಳಿತದಲ್ಲಿ ಆಪದ ಮಿತ್ರ ಸ್ವಯಂಸೇವಕರ 12 ದಿನದ ತರಬೇತಿ ನಡೆಯುವುದಿದ್ದರೆ ಸೇರಿಸಿ. ಈ ಕೆಲಸ ತನಗೆ ಹೊಂದುತ್ತದೆಯೇ ಎಂಬುದು ಒಂದೂವರೆ ಲಕ್ಷ ಕಟ್ಟದೆಯೇ ಗೊತ್ತಾಗುತ್ತದೆ.

ಆ ಯಜಮಾನರು ಗಬ್ಬದ ಹಸುವಿನ ಮುಂಗಡ ಬೇಡವೆಂದರು. ಹಾಲಿನ ಹಸುವನ್ನು ಮಾತ್ರ ಉಳಿಸಿಕೊಳ್ಳಲಾಗಲಿಲ್ಲ. ಹಳೆಯ ಸಾಲವೊಂದಿತ್ತು, ಅದಕ್ಕೆ ಹೋಯಿತು, ಉಳಿದದ್ದರಲ್ಲಿ ಮಗನಿಗೆ ಡ್ರೈವಿಂಗ್ ಶಾಲೆಯ ಶುಲ್ಕ ಕಟ್ಟಿದರು. ಈಗ ಅವನು ಬೆಳಿಗ್ಗೆ ಸಂಘಕ್ಕೆ ಹಾಲು ಹಾಕಿ ಕೆರೆ ಏರಿಯ ಮೇಲೆ ಓಡುತ್ತಾನೆ. ಹೋದ ತಿಂಗಳು ಪಕ್ಕದೂರಿನ ಬಾವಿಗೆ ಕರು ಬಿದ್ದಾಗ ಹಗ್ಗ ಹಿಡಿಯಲು ಬಂದಿದ್ದ. ಕರು ಮೇಲೆ ಬಂದ ಮೇಲೆ, ಅವನ ಆಸೆಯನ್ನು ಕೇಳಿದ ಠಾಣೆಯ ಹಿರಿಯರು ಒಂದೇ ಮಾತು ಕೇಳಿದರು: "ಈಜು ಬರುತ್ತೇನಪ್ಪಾ?" ಬರುವುದಿಲ್ಲ ಎಂದು ತಲೆ ತಗ್ಗಿಸಿದ. ಈಗ ಭಾನುವಾರ ಭಾನುವಾರ ಬೆನ್ನಿಗೆ ಖಾಲಿ ಕ್ಯಾನು ಕಟ್ಟಿಕೊಂಡು ತೋಟದ ಬಾವಿಗೆ ಇಳಿಯುತ್ತಿದ್ದಾನೆ. ಹಗ್ಗದ ಇನ್ನೊಂದು ತುದಿ ಹಿಡಿದು ಅವರಪ್ಪ ಮೆಟ್ಟಿಲ ಮೇಲೆ ಕೂತಿರುತ್ತಾರೆ.