ಮಜೆಂಗೊದ ಋಣ

ನೈರೋಬಿಯ ಪುಮ್ವಾನಿಯಲ್ಲಿ ಮಜೆಂಗೊ ಎಂಬ ಹಳೆಯ ಬಡಕೇರಿಯಿದೆ. ಲೈಂಗಿಕ ರೋಗಗಳ ಅಧ್ಯಯನಕ್ಕೆಂದು 1980ರ ದಶಕದಲ್ಲಿ ನೈರೋಬಿ ವಿಶ್ವವಿದ್ಯಾಲಯ ಹಾಗೂ ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯದ ಸಂಶೋಧಕರು ಅಲ್ಲಿಗೆ ಹೋದರು. 1985ರಲ್ಲಿ ಅಲ್ಲಿನ ಲೈಂಗಿಕ ವೃತ್ತಿನಿರತ ಮಹಿಳೆಯರ ರಕ್ತವನ್ನು ಪರೀಕ್ಷಿಸಿದಾಗ, ಹೆಚ್ಚುಕಡಿಮೆ ಮೂವರಲ್ಲಿ ಇಬ್ಬರಿಗೆ ಎಚ್‌ಐವಿ ಸೋಂಕು ಆಗಲೇ ತಗುಲಿತ್ತು. ಔಷಧವಿಲ್ಲದ ಕಾಲ ಅದು. ಸೋಂಕಿದೆಯೆಂದು ತಿಳಿಸುವುದಷ್ಟೇ ವೈದ್ಯರ ಕೈಯಲ್ಲಿತ್ತು.

ಅಲ್ಲಿಂದ ಮುಂದಿನ ಹೆಜ್ಜೆಯನ್ನು ಇಟ್ಟದ್ದು ಎಲಿಜಬೆತ್ ನ್ಗುಗಿ ಎಂಬ ಕೆನ್ಯಾದ ದಾದಿ ಮತ್ತು ಆ ಮಹಿಳೆಯರೇ. 'ಬರಾಜಾ' ಎಂದು ಕರೆಯುವ ಬಯಲು ಸಭೆಗಳಲ್ಲಿ ಅವರು ಕೂಡಿದರು, ತಮ್ಮೊಳಗಿಂದಲೇ ಮುಂದಾಳುಗಳನ್ನು ಆರಿಸಿಕೊಂಡರು, ಕಾಂಡೋಮ್ ಬಳಸದ ಗಿರಾಕಿಯನ್ನು ಒಟ್ಟಾಗಿ ನಿರಾಕರಿಸುವುದನ್ನು ಕಲಿತರು. ಕಾಂಡೋಮ್ ಬಳಕೆ ಏರಿದಂತೆ ಹೊಸ ಸೋಂಕು ಇಳಿಯುತ್ತದೆಂಬುದನ್ನು 1988ರಲ್ಲಿ 'ಲ್ಯಾನ್ಸೆಟ್' ವೈದ್ಯಪತ್ರಿಕೆ ಜಗತ್ತಿಗೆ ತಿಳಿಸಿತು. ವರ್ಷಗಟ್ಟಲೆ ಸೋಂಕಿಗೆ ಒಡ್ಡಿಕೊಂಡೂ ಸೋಂಕು ತಗುಲದ ಕೆಲವು ಮಹಿಳೆಯರ ರಕ್ತ ಲಸಿಕೆಯ ಸಂಶೋಧನೆಗೂ ದಾರಿ ತೋರಿತು. ಲಸಿಕೆ ಇನ್ನೂ ಬಂದಿಲ್ಲ. ಆದರೆ ಸಂಕಟದಲ್ಲಿರುವವರ ಬಳಿಗೆ ಅವರಂಥವರೇ ಹೋಗಬೇಕೆಂಬ ತಿಳಿವು ಆ ಕೇರಿಯಲ್ಲಿ ಗಟ್ಟಿಗೊಂಡಿತು.

ಈ ಕಥೆ ಕನ್ನಡಿಗರಿಗೆ ದೂರದ್ದಲ್ಲ. ನೈರೋಬಿಯಲ್ಲಿ ದುಡಿದ ಸ್ಟೀಫನ್ ಮೋಸೆಸ್‌ರಂಥ ಮ್ಯಾನಿಟೋಬಾದ ವಿಜ್ಞಾನಿಗಳೇ ಮುಂದೆ ಕರ್ನಾಟಕಕ್ಕೂ ಬಂದರು. 2003ರಲ್ಲಿ ರಾಜ್ಯದ ಏಡ್ಸ್ ನಿಯಂತ್ರಣ ಸಂಸ್ಥೆಯೂ ಅದೇ ವಿಶ್ವವಿದ್ಯಾಲಯವೂ ಕೂಡಿ ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್ ಸ್ಥಾಪಿಸಿದವು. 1982ರ ಕಾಯಿದೆ ನಿಷೇಧಿಸಿದ ಮೇಲೂ ದೇವದಾಸಿ ಪದ್ಧತಿಯ ನೆರಳು ಉಳಿದಿದ್ದ ಬೆಳಗಾವಿ, ಬಾಗಲಕೋಟೆಯ ಹಳ್ಳಿಗಳಲ್ಲಿ ಆ ಮಹಿಳೆಯರೇ ಮನೆಯಿಂದ ಮನೆಗೆ ನಡೆದರು. ಮೈಸೂರಿನಲ್ಲಿ ಲೈಂಗಿಕ ಕಾರ್ಯಕರ್ತರು ಆಶೋದಯ ಸಮಿತಿ ಕಟ್ಟಿ ಪರೀಕ್ಷೆ, ಚಿಕಿತ್ಸೆ, ಕಾನೂನಿನ ನೆರವನ್ನು ತಾವೇ ನಡೆಸಿದರು. ಮಜೆಂಗೊದ ಪಾಠ ಕೃಷ್ಣೆ, ಘಟಪ್ರಭೆಯ ತೀರದಲ್ಲಿ ಜೀವ ಉಳಿಸಿತು. ಆ ಪಾಠದ ಬೆಲೆ ತೆತ್ತವರು ನೈರೋಬಿಯ ಬಡ ಹೆಣ್ಣುಮಕ್ಕಳು.

ಆ ಋಣದ ಮಾತು ಈಗ ಎತ್ತಲು ಕಾರಣವಿದೆ. 2025ರ ಜನವರಿ 20ರಂದು ಅಮೆರಿಕದ ಅಧ್ಯಕ್ಷರು ವಿದೇಶಿ ನೆರವನ್ನು ತಡೆಹಿಡಿದರು. 2003ರಿಂದ ಆಫ್ರಿಕಾದ ಏಡ್ಸ್ ಚಿಕಿತ್ಸೆಯ ಬೆನ್ನೆಲುಬಾಗಿದ್ದ ಪೆಪ್ಫಾರ್ ಯೋಜನೆ ತತ್ತರಿಸಿತು. ನೈರೋಬಿಯಲ್ಲಿ ಲೈಂಗಿಕ ವೃತ್ತಿನಿರತರು ಹಾಗೂ ಸಲಿಂಗಿ ಪುರುಷರಿಗೆಂದೇ ಇದ್ದ ಹಲವು ಕೇಂದ್ರಗಳ ಬಾಗಿಲು ಮುಚ್ಚಿತು, ಊರೂರು ಅಲೆಯುತ್ತಿದ್ದ ಕಾರ್ಯಕರ್ತೆಯರು ಕೆಲಸ ಕಳೆದುಕೊಂಡರು.

ಪರದೇಶದ ಹಣವನ್ನೇ ಎಷ್ಟು ದಿನ ನೆಚ್ಚುವುದು, ಎಲ್ಲರೂ ಸರಕಾರಿ ಆಸ್ಪತ್ರೆಗೇ ಹೋಗಲಿ ಎಂಬ ವಾದವಿದೆ. ಅದರಲ್ಲಿ ಹುರುಳಿಲ್ಲದಿಲ್ಲ, ಕೆನ್ಯಾದ ಆರೋಗ್ಯದ ಹೊಣೆ ಕೊನೆಗೂ ಕೆನ್ಯಾದ್ದೇ. ಆದರೆ ಎಚ್‌ಐವಿ ವಿಷಯದಲ್ಲಿ ಮಾತ್ರೆಯಷ್ಟೇ ಮುಖ್ಯವಾದದ್ದು ಮಾತ್ರೆಯವರೆಗಿನ ದಾರಿ. ತುಂಬಿದ ಸಾಲಿನಲ್ಲಿ ನಿಂತು, ಅಪರಿಚಿತ ಗುಮಾಸ್ತನ ಮುಂದೆ ತನ್ನ ವೃತ್ತಿ ಹೇಳಿಕೊಳ್ಳಬೇಕಾದವಳು ಒಮ್ಮೆ ಅವಮಾನಗೊಂಡರೆ ಮರಳುವುದಿಲ್ಲ. ಬಿಡದೆ ಔಷಧ ಸೇವಿಸಿ ವೈರಾಣು ಪತ್ತೆಯಾಗದ ಮಟ್ಟಕ್ಕೆ ಇಳಿದರೆ ಲೈಂಗಿಕ ಸಂಪರ್ಕದಿಂದ ಸೋಂಕು ಹರಡುವುದಿಲ್ಲ. ಔಷಧ ತಪ್ಪಿದರೆ ವೈರಾಣು ಮತ್ತೆ ಏಳುತ್ತದೆ. ಮನೆಬಾಗಿಲಿಗೆ ಬಂದು ವಿಚಾರಿಸುವ ಕಾರ್ಯಕರ್ತೆ ಆಡಂಬರವಲ್ಲ, ಚಿಕಿತ್ಸೆಯದೇ ಭಾಗ.

ನೈರೋಬಿಯ ಕನ್ನಡಿಗರು ಇಲ್ಲಿ ಏನು ಮಾಡಬಲ್ಲರು? ಮೊದಲು ತಮ್ಮ ಮನೆಯೊಳಗಿನ ಮೌನ ಮುರಿಯಬಹುದು. ಏಡ್ಸ್ ಎಂದರೆ 'ಅವರ' ಕಾಯಿಲೆ ಎಂಬ ಭ್ರಮೆ ಪಾರ್ಕ್‌ಲ್ಯಾಂಡ್ಸ್, ವೆಸ್ಟ್‌ಲ್ಯಾಂಡ್ಸಿನ ಬೇಲಿಯೊಳಗೆ ಸುಲಭವಾಗಿ ಬೆಳೆಯುತ್ತದೆ. ವೈರಾಣುವಿಗೆ ಜಾತಿಯಿಲ್ಲ, ಪಾಸ್‌ಪೋರ್ಟಿಲ್ಲ. ರಾಜ್ಯೋತ್ಸವದ ಹೊತ್ತಿಗೆ ಆರೋಗ್ಯ ಶಿಬಿರ ನಡೆಸುವ ಸಂಘ, ಸಕ್ಕರೆ ಮತ್ತು ರಕ್ತದೊತ್ತಡದ ಮೇಜಿನ ಪಕ್ಕದಲ್ಲೇ ಎಚ್‌ಐವಿ ಪರೀಕ್ಷೆಯ ಮೇಜನ್ನೂ ಇಡಲಿ. ಹೆಸರು ಗುಟ್ಟಾಗಿರಲಿ, ಹಿರಿಯರೇ ಮೊದಲು ಬೆರಳು ಚಾಚಲಿ. ಹರೆಯದ ಮಕ್ಕಳು ಕೇಳುವ ಪ್ರಶ್ನೆಗೆ ಉತ್ತರಿಸಬಲ್ಲ ವೈದ್ಯರೊಬ್ಬರು ಅಲ್ಲಿರಲಿ.

ಎರಡನೆಯದು, ಮನೆಗೆಲಸದವರು, ಚಾಲಕರು, ಅಂಗಡಿಯ ನೌಕರರ ವಿಷಯ. ಕೆಲಸ ಕೊಡಲು ಎಚ್‌ಐವಿ ಪರೀಕ್ಷೆ ಕಡ್ಡಾಯ ಮಾಡುವುದನ್ನು ಕೆನ್ಯಾದ 2006ರ ಕಾಯಿದೆ ನಿಷೇಧಿಸಿದೆ. ಕಾಯಿದೆ ಮುರಿಯದಿದ್ದರೆ ಸಾಲದು. ಔಷಧ ತರುವ ದಿನ ಸಂಬಳ ಕಡಿಯದೆ ರಜೆ ಕೊಡುವ, ಕಾರಣ ಕೆದಕದ ಯಜಮಾನಿಕೆ ಬೇಕು.

ಮೂರನೆಯದು ಹಣ. ಮುಚ್ಚಿದ ಕೇಂದ್ರಗಳನ್ನೆಲ್ಲ ಒಂದು ಸಣ್ಣ ಸಮುದಾಯ ತೆರೆಯಲಾರದು. ಆದರೆ ಒಬ್ಬ ಕಾರ್ಯಕರ್ತೆಯ ವರ್ಷದ ಸಂಬಳವನ್ನು ಒಂದು ಸಂಘ ಭರಿಸಬಹುದು. ಆಕೆ ಯಾರೆಂಬುದನ್ನು ದಾನಿಗಳು ಆರಿಸದೆ, ಮಜೆಂಗೊದ ಬರಾಜಾದಲ್ಲಿ ನಡೆದಂತೆ ಆ ಮಹಿಳೆಯರೇ ಆರಿಸಲಿ. ಇದನ್ನು ಯಾರೂ ಉಪಕಾರವೆಂದು ಕರೆಯಬೇಕಿಲ್ಲ. ಬಾಗಲಕೋಟೆಯ ತಾಯಂದಿರ ಪರವಾಗಿ ತೀರಿಸಬೇಕಾದ ಹಳೆಯ ಸಾಲದ ಒಂದು ಕಂತು ಅದು.